ಕರಬಸಪ್ಪನವರ ಪೈಪಿನ ಮೇಲೆ ಹಾಸಿದ ಕಲ್ಲು

ಬೂದಿಹಳ್ಳದ ಎಡದಂಡೆ
2184ನೆಯ ಇಸವಿ, ಫೆಬ್ರವರಿ ಮೂವತ್ತೊಂಬತ್ತು

ಕರಬಸಪ್ಪನವರಿಗೆ,

ಮೇಲಿನ ತಾರೀಖು ನೋಡಿ ಬರೆದವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿ ಮುಗಿಯುವುದು ಹಳ್ಳದ ನೀರು ಗುರುತಿನ ಕಲ್ಲಿಗಿಂತ ಕೆಳಗಿಳಿದ ದಿನ. ಈ ಸಲ ಇನ್ನೂ ಇಳಿದಿಲ್ಲ, ಹಾಗಾಗಿ ತಿಂಗಳು ಮುಂದುವರಿದಿದೆ. ಇದು ಒಳ್ಳೆಯ ಸೂಚನೆಯಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮನ್ನು ಅಜ್ಜ ಎನ್ನಬೇಕೋ ಅಣ್ಣ ಎನ್ನಬೇಕೋ ಎಂಬುದೂ ನನಗೆ ತಿಳಿಯದು. ನೀವು ಸತ್ತು ನೂರು ವರ್ಷಕ್ಕೆ ಮೇಲಾಗಿದೆ, ಆದರೆ ಈ ಕಾಗದ ಸರಿಯಾದ ದಿನ ತಲುಪಿದರೆ ನಿಮಗೆ ಮೂವತ್ತೂ ತುಂಬಿರಲಿಕ್ಕಿಲ್ಲ.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಳ್ಳಕ್ಕೆ ದಾಟು, ಅಂದರೆ ದಾಟುವ ದಾರಿ, ಕಟ್ಟಿದವರು ಅದೇ ಜಾಗದಲ್ಲಿ ಹಿಂದೆ ಕಟ್ಟಿದವರಿಗೆ ಒಂದು ಓಲೆ ಬರೆದು, ಊರಿನ ಮುಂದೆ ಓದಿ, ಕೊನೆಯ ಕಲ್ಲಿನ ಕೆಳಗೆ ಇಡಬೇಕು. ನಮಗಿಂತ ಮೊದಲು ಇಲ್ಲಿ ಕಟ್ಟಿದವರು ನೀವು. ತಳ ಅಗೆಯುವಾಗ ನಿಮ್ಮ ಸಿಮೆಂಟಿನ ತುಂಡು ಸಿಕ್ಕಿತು. ಅದು ಹಸಿಯಾಗಿದ್ದಾಗ ಕಡ್ಡಿಯಿಂದ ಗೀಚಿದ ಅಕ್ಷರಗಳು ಇನ್ನೂ ಸ್ಪಷ್ಟವಾಗಿವೆ: ಕರಬಸಪ್ಪ, ಮೇ 2027, ಗಟ್ಟಿ ಕೆಲಸ. ಓಲೆ ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅದರಲ್ಲಿ ಸುಳ್ಳು ಇರಬಾರದು ಎಂಬುದೊಂದೇ ಕಟ್ಟಳೆ. ಕೊನೆಯ ಸಾಲು ಮಾತ್ರ ಎಲ್ಲ ಓಲೆಗಳಲ್ಲೂ ಒಂದೇ: ಗಟ್ಟಿ ಐತಿ, ದಾಟ್ರಿ. ಆ ಸಾಲು ಓದಿದ ಮೇಲೆ ಕಟ್ಟಿದವರು ಮೊದಲು ದಾಟುತ್ತಾರೆ, ಆಮೇಲೆ ಊರು.

ನನ್ನ ಹೆಸರು ಸಾವಂತ್ರೆವ್ವ, ವಯಸ್ಸು ಹತ್ತೊಂಬತ್ತು. ಕಲಿಮನೆಯನ್ನು, ಅಂದರೆ ನಿಮ್ಮ ಶಾಲೆಯಂಥದ್ದನ್ನು, ಹದಿಮೂರಕ್ಕೇ ಬಿಟ್ಟೆ. ಬೂದಿಹಳ್ಳದ ಕಮರಿ ಆದಿಯಿಂದಲೂ ಇದೆ ಎಂದು ಬರೆಯಲು ಅಲ್ಲಿ ಕಲಿಸುವವರು ಹೇಳಿದರು. ಅದು ಇರಲಿಲ್ಲ ಎಂದು ನನ್ನ ಅಜ್ಜಿ ಹೇಳಿದ್ದಳು, ಹಾಗಾಗಿ ನಾನು ಬರೆಯಲಿಲ್ಲ. ಒಂದು ಕಡೆ ಕೂರುವುದೂ ನನ್ನಿಂದ ಆಗುತ್ತಿರಲಿಲ್ಲ ಎಂಬುದನ್ನು ಸೇರಿಸದಿದ್ದರೆ ಅದೂ ಸುಳ್ಳಾಗುತ್ತದೆ. ಅಂದಿನಿಂದ ಸೋದರಮಾವ ಹುಚ್ಚೀರಪ್ಪನ ಜೊತೆ ಕಲ್ಲುಕೆಲಸ ಮಾಡುತ್ತಿದ್ದೇನೆ.

ನಿಮ್ಮ ಕಾಲದ ಬೂದಿಹಳ್ಳವನ್ನು ಜನ ಪಂಚೆ ಎತ್ತಿಕೊಂಡು ದಾಟುತ್ತಿದ್ದರಂತೆ. ಈಗ ಅದು ನಾಲ್ಕಾಳು ಆಳದ ಕಮರಿ. ಹೀಗಾದದ್ದು ಹೇಗೆಂದು ಅಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದಳು. ನೀವು ಹೊಲಕ್ಕೆ ಟ್ರ್ಯಾಕ್ಟರ್ ಹೋಗಲೆಂದು ಎರಡು ಅಡಿ ಅಗಲದ ಒಂದೇ ಪೈಪು ಇಟ್ಟು, ಮೇಲೆ ಮಣ್ಣು ಏರಿಸಿದಿರಿ. ಅಗಲವಾಗಿ ಹರಿಯುತ್ತಿದ್ದ ನೀರು ಆ ತೂತಿನಲ್ಲಿ ಒತ್ತಿಕೊಂಡು ನುಗ್ಗಿ, ಹೊರಬೀಳುವ ಕಡೆ ಗುಂಡಿ ತೋಡಿತು. ಪ್ರತಿ ಮಳೆಗೂ ಗುಂಡಿ ಇಳಿಯಿತು. ಒಂದು ವರ್ಷ ಪೈಪಿನ ಬಾಯಿಗೆ ಜಾಲಿಕಂಟಿ ಸಿಕ್ಕಿಕೊಂಡು, ನೀರು ಕೆರೆಯಂತೆ ನಿಂತು, ಏರಿಯನ್ನೇ ಒಡೆದುಕೊಂಡು ಹೋಯಿತು. ಪೈಪು ಕುಸಿದು ತಳ ಸೇರಿತು. ಆಮೇಲೆ ಆ ಗುಂಡಿ ಹಳ್ಳದ ಮೇಲ್ಮುಖವಾಗಿ ನಡೆಯತೊಡಗಿತು. ನಿಜವಾಗಿಯೂ ನಡೆಯಿತು, ವರ್ಷಕ್ಕೆ ಇಪ್ಪತ್ತು ಮೂವತ್ತು ಹೆಜ್ಜೆ, ಎರಡೂ ದಂಡೆಗಳನ್ನು ಕೆಡವಿಕೊಳ್ಳುತ್ತಾ. ತಳ ಬಾವಿಗಳಿಗಿಂತ ಕೆಳಗಿಳಿದಾಗ ಬಾವಿಯ ನೀರು ಹಳ್ಳಕ್ಕೇ ಬಸಿದುಹೋಯಿತು.

ಈಗ ನಮ್ಮ ಮನೆಗಳು ಎಡದಂಡೆಯ ಅಂಚಿನಲ್ಲಿವೆ. ಬಿಸಿಲಿಗೆ ಹೆದರಿ ನಾವು ಕೆಲಸ ಮಾಡುವುದು ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ನಡುವಿನ ಹೊತ್ತನ್ನು ನೆಲದಡಿಯ ಕೋಣೆಗಳಲ್ಲಿ ಕಳೆಯುತ್ತೇವೆ. ನವಣೆ ರೊಟ್ಟಿ, ಪಾಪಾಸುಕಳ್ಳಿಯ ಪಲ್ಯ ತಿನ್ನುತ್ತೇವೆ, ಕತ್ತಾಳೆಯ ನಾರಿನಿಂದ ಈ ಹಾಳೆಯಂಥ ಹಾಳೆ ಮಾಡುತ್ತೇವೆ. ಕೋಣೆಯ ಗೋಡೆಗೆ ಕೈಯಿಟ್ಟರೆ ಕೆಲವು ದಿನ ಮಣ್ಣು ಜಾರುವುದು ತಿಳಿಯುತ್ತದೆ. ಬಿರುಮಳೆ ಎಂದರೆ ವರ್ಷದ ಮಳೆಯೆಲ್ಲ ಐದಾರು ದಿನದಲ್ಲಿ ಸುರಿಯುವುದು. ಈ ಬಿರುಮಳೆಗೆ ಎಡದಂಡೆ ಉಳಿಯುವುದಿಲ್ಲ. ಅದಕ್ಕೇ ನಲವತ್ತೊಂದು ಮನೆಯವರೂ ಬೀಜ ತುಂಬಿದ ಮಣ್ಣಿನ ಹರವಿಗಳೊಂದಿಗೆ ಆಚೆಯ ದಿಬ್ಬಕ್ಕೆ ಹೋಗಬೇಕು. ಕಮರಿಯ ತಳದಲ್ಲಿ ಸೊಂಟದವರೆಗೆ ಎಳೆಯುವ ರಾಡಿ ಇದೆ. ಗಟ್ಟಿ ನೆಲವಿರುವುದು ಒಂದೇ ಕಡೆ, ನಿಮ್ಮ ಪೈಪು ಬಿದ್ದಿರುವಲ್ಲಿ.

ಅಲ್ಲಿ ನಾವು ಪೈಪು ಇಡಲಿಲ್ಲ. ಎರಡೂ ದಂಡೆಗಳನ್ನು ಇಳಿಜಾರಾಗಿ ಕಡಿದು, ತಳದ ಮಟ್ಟಕ್ಕೇ ಚಪ್ಪಡಿ ಹಾಸಿದೆವು, ನೀರು ಮೇಲೆ ಹರಿದುಹೋಗಲಿ ಎಂದು. ನೀರು ಇಳಿದುಹೋಗುವ ಕೆಳಮಗ್ಗುಲಿಗೆ ಗಟ್ಟಿ ಗರಸು ಮಣ್ಣು, ಅಂದರೆ ಮೊರಂ, ಸಿಗುವವರೆಗೆ ಅಗೆದು ದೊಡ್ಡ ಕಲ್ಲುಗಳನ್ನು ನಿಲ್ಲಿಸಿದೆವು. ಬೇರು ಮಣ್ಣನ್ನು ಹಿಡಿಯಲೆಂದು ದಂಡೆಗೆ ಲಾವಂಚ ನೆಟ್ಟೆವು. ತಪ್ಪಿದ್ದು ಒಂದೇ ಕಡೆ. ಹಿಂದಿನವರ ಕೆಲಸವನ್ನು ಕೀಳಬಾರದು, ಅದರ ಮೇಲೇ ಕಟ್ಟಬೇಕು ಎಂಬುದು ನಮ್ಮಲ್ಲಿ ಕಟ್ಟುವವರ ಮರ್ಯಾದೆ. ಮಾವ ನಿಮ್ಮ ಹೆಸರಿದ್ದ ಸಿಮೆಂಟಿಗೆ ಕೈಮುಗಿದು, ಪೈಪನ್ನು ಹಾಗೆಯೇ ಬಿಟ್ಟು, ಮೇಲೆ ಚಪ್ಪಡಿ ಹಾಸಿದ.

ನಿನ್ನೆ ನಸುಕಿನಲ್ಲಿ ಊರು ಬಂಡಿಗಳೊಂದಿಗೆ ಇಳಿಜಾರಿನಲ್ಲಿ ನಿಂತಿತ್ತು. ನಾನು ಇದಕ್ಕೂ ಮೊದಲು ಬರೆದಿದ್ದ ನಾಲ್ಕು ಸಾಲಿನ ಓಲೆ ಓದಿ ನಿಲ್ಲಿಸಿದೆ. ಈ ವರ್ಷ ಊರಿನ ಹೊಣೆ ಹೊತ್ತಿರುವ ನೀಲವ್ವ ಕಾದಳು.

“ಕಡೀ ಸಾಲು ಓದವಾ ಸಾವಂತ್ರಿ, ಬಿಸಲ ಏರಾಕತ್ತೈತಿ.”

“ಬರದಿಲ್ಲ ದೊಡ್ಡವ್ವಾ.”

“ಕಲಿಮನಿ ಬಿಟ್ಟ ಓಡಿ ಬಂದಾಕಿ, ಕಡೀ ಸಾಲು ಅಲ್ಲೇ ಬಿಟ್ಟ ಬಂದಾಳ,” ಎಂದು ಬಂಡಿಯ ಮೇಲಿಂದ ಯಾರೋ ಅಂದರು. ಜನ ನಕ್ಕರು. ಮಾವ ನಗಲಿಲ್ಲ.

“ನನ್ನ ಕೈ ಮ್ಯಾಲ ನಂಬಿಗಿ ಇಲ್ಲೇನ ನಿನಗ?”

“ನಿನ್ನ ಕೈ ಮ್ಯಾಲ ಐತಿ ಮಾವಾ. ಕಲ್ಲಿನ ಕೆಳಗ ಇಲ್ಲ.”

ಬುಟ್ಟಿಯಲ್ಲಿ ತಂದಿದ್ದ ಕೆಮ್ಮಣ್ಣನ್ನು ಮೇಲ್ಮಗ್ಗುಲ ನೀರಿಗೆ ಸುರಿದೆ. ನೀರು ಕೆಂಪಾಯಿತು. ಚಪ್ಪಡಿಗಳ ಮೇಲೆ ಒಂದು ಹನಿ ಕೆಂಪೂ ಹರಿಯಲಿಲ್ಲ, ಅವು ಒಣಗಿಯೇ ಇದ್ದವು. ಸ್ವಲ್ಪ ಹೊತ್ತಿಗೆ ಕೆಳಮಗ್ಗುಲ ಕಲ್ಲುಗಳ ಬುಡದಿಂದ ಕೆಂಪು ನೀರು ಉಕ್ಕಿತು, ಜೊತೆಗೆ ಉಸುಕು. ಹಳ್ಳ ನಿಮ್ಮ ಪೈಪಿನೊಳಗೆ ದಾರಿ ಮಾಡಿಕೊಂಡು, ಚಪ್ಪಡಿಯ ಕೆಳಗಿನ ನೆಲವನ್ನು ಹಿಡಿಹಿಡಿಯಾಗಿ ಹೊರಗೆ ಒಯ್ಯುತ್ತಿದೆ. ಬಂಡಿಗಳ ಭಾರ ಬಿದ್ದರೆ ಅದು ಹೊಟ್ಟೆ ಒಡೆದಂತೆ ಕುಸಿಯುತ್ತದೆ. ಬಂಡಿ ಹತ್ತದಿದ್ದರೂ ಮೊದಲ ಬಿರುಮಳೆಗೆ ಕುಸಿಯುತ್ತದೆ.

ಮಾವ ಬಗ್ಗಿ ಆ ಉಸುಕನ್ನು ಅಂಗೈಗೆ ತೆಗೆದುಕೊಂಡ. “ಎಂದ ಗೊತ್ತಾತು ನಿನಗ?” ಎಂದ.

‘ನಿನ್ನೆ’ ಎಂದು ಹೇಳಿಬಿಡಬಹುದಿತ್ತು. ಕೆಮ್ಮಣ್ಣು ಸುರಿದು ನೋಡಿದ್ದು ಹಿಂದಿನ ಸಂಜೆಯೇ. ಆದರೆ ಚಪ್ಪಡಿಗೆ ಕಿವಿಯಿಟ್ಟಾಗ ಕೆಳಗೆ ಯಾರೋ ನೀರು ಗುಟುಕರಿಸುವಂಥ ಸದ್ದು ಕೇಳಿದ್ದು ಒಂಬತ್ತು ದಿನದ ಹಿಂದೆ. ಅದು ನನ್ನ ಮೊದಲ ದಾಟು. ಬೇಗ ಮುಗಿದರೆ ಸಾಕಾಗಿತ್ತು. ಕೇಳಲಿಲ್ಲ ಎಂದುಕೊಂಡು ಮುಂದಿನ ಕಲ್ಲು ಎತ್ತಿದ್ದೆ.

“ಒಂಬತ್ ದಿನಾತು,” ಎಂದೆ.

ನೀಲವ್ವ ನನ್ನ ಎದುರು ಬಂದು ನಿಂತಳು. “ಹ್ವಾದ ಬಿರುಮಳಿಗೆ ನಾಕ ದಿನ ತಡಾ ಮಾಡಿ ಈ ಹಳ್ಳಕ್ಕ ನನ್ನ ಮಗನ್ನ ಕೊಟ್ಟೇನಿ. ಈಗ ಒಂಬತ್ ದಿನ ತಿಂದು ಕುಂತೀಯಲ್ಲ, ಯಾರನ್ನ ಕೊಡ್ಲಿ ಹೇಳು.” ಹಾಗೆಂದವಳೇ ತಿರುಗಿ ಬಂಡಿಗಳನ್ನು ಹಿಂದಕ್ಕೆ ಎಳೆಸಿದಳು. ಜನ ಬರಿಗೈಯಲ್ಲಿ, ಒಬ್ಬರ ಹಿಂದೆ ಒಬ್ಬರು, ನಡುವೆ ಹತ್ತು ಹೆಜ್ಜೆ ಬಿಟ್ಟು ದಾಟಲಿ ಎಂದಳು. ಕೂಸುಗಳನ್ನು ಹೊತ್ತವರು ಮೊದಲು ಹೋದರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಊರು ಆಚೆ ದಿಬ್ಬದಲ್ಲಿತ್ತು. ಬರುವ ವರ್ಷ ತಿನ್ನಬೇಕಾದದ್ದೆಲ್ಲ ಹರವಿಗಳಲ್ಲಿ ಈಚೆಯೇ ಉಳಿಯಿತು. ಮಾವ ದಾಟಲಿಲ್ಲ. ಕಟ್ಟಿದವನು ಮೊದಲು ದಾಟಬೇಕು, ಇಲ್ಲವೇ ದಾಟಲೇಬಾರದು ಎಂದ. ನಾನೂ ದಾಟಲಿಲ್ಲ. ನಮ್ಮೊಂದಿಗೆ ಆರು ಜನ ಉಳಿದಿದ್ದಾರೆ.

ಚಪ್ಪಡಿ ಎತ್ತಿ, ನಿಮ್ಮ ಪೈಪು ಒಡೆದು ತೆಗೆದು, ಆ ಜಾಗಕ್ಕೆ ಕಲ್ಲು ಮತ್ತು ಜೇಡಿ ತುಂಬಿ ಬಡಿದು ದಮ್ಮಸು ಮಾಡಿ, ಮತ್ತೆ ಹಾಸಲು ಐದು ದಿನ ಬೇಕು. ಪಡುವಣದ ಮೋಡ ನೋಡಿದರೆ ಮೂರು ದಿನ ಸಿಕ್ಕೀತು. ಮಾವ ಹಾರೆ ಹಾಕಿ ಮೊದಲ ಚಪ್ಪಡಿ ಎಬ್ಬಿಸುತ್ತಿದ್ದಾನೆ. ನನ್ನೊಂದಿಗೆ ಮಾತಾಡುತ್ತಿಲ್ಲ. ಆಚೆ ದಿಬ್ಬದಲ್ಲಿ ನೀಲವ್ವ ನಿಂತಿರುವುದು ಇಲ್ಲಿಂದ ಕಾಣುತ್ತದೆ, ನಿನ್ನೆಯಿಂದ ಅಲ್ಲೇ ಇದ್ದಾಳೆ. ಅವಳು ನಮ್ಮನ್ನು ನೋಡುತ್ತಿಲ್ಲ, ಹಳ್ಳದ ಮೇಲ್ಮುಖಕ್ಕೆ ನೋಡುತ್ತಿದ್ದಾಳೆ. ನಾನೀಗ ಕೆಲಸಕ್ಕೆ ಇಳಿಯಬೇಕು, ಅದಕ್ಕೆ ಉಳಿದದ್ದನ್ನು ಬೇಗ ಹೇಳುತ್ತೇನೆ.

ಪೈಪು ಇಡಬೇಡಿ, ಕರಬಸಪ್ಪನವರೇ. ಹಳ್ಳಕ್ಕೆ ಅದರ ಅಗಲವನ್ನು ಬಿಟ್ಟುಕೊಡಿ. ತಳದ ಮಟ್ಟಕ್ಕೆ ಕಲ್ಲು ಹಾಸಿ, ಕೆಳಮಗ್ಗುಲನ್ನು ಮೊರಂವರೆಗೆ ಇಳಿಸಿ, ದಂಡೆಗೆ ಲಾವಂಚ ನೆಡಿ. ಮಳೆಗಾಲದಲ್ಲಿ ನಾಲ್ಕು ದಿನ ಟ್ರ್ಯಾಕ್ಟರ್ ಆಚೆಗೆ ಹೋಗದಿದ್ದರೆ ಹೋಗದಿರಲಿ. ಈಗಾಗಲೇ ಇಟ್ಟಿದ್ದರೆ ಕಿತ್ತುಬಿಡಿ. ನಿಮ್ಮ ಕೆಲಸವನ್ನು ಕೀಳುವ ಹಕ್ಕು ನಿಮಗಿದೆ. ನಮಗಿಲ್ಲ ಎಂದು ನಾವು ನಂಬಿ ಕೆಟ್ಟೆವು.

ಇದ್ಯಾವುದೂ ಆಗದಿದ್ದರೆ ಒಂದನ್ನಾದರೂ ಮಾಡಿ. ಸಿಮೆಂಟು ಹಸಿಯಿರುವಾಗ ನೀವು ಕಡ್ಡಿ ಹಿಡಿದು ಕೂರುತ್ತೀರಿ. ನಿಮ್ಮ ಪೈಪು ಚಿಕ್ಕದಾಯಿತೇನೋ ಎಂಬ ಅನುಮಾನ ಆಗಲೇ ನಿಮಗೆ ಇದ್ದಿರಬೇಕು. ಕೈಯಾರೆ ಇಟ್ಟವರಿಗೆ ಅದು ಗೊತ್ತಾಗುತ್ತದೆ, ನನಗೆ ಗೊತ್ತಾದ ಹಾಗೆ. ಹೆಸರು ಬರೆಯಿರಿ, ತಿಂಗಳು ಬರೆಯಿರಿ. ಗಟ್ಟಿ ಕೆಲಸ ಎಂದು ಬರೆಯುವ ಜಾಗದಲ್ಲಿ ಆ ಅನುಮಾನ ಬರೆಯಿರಿ. ನಾವು ಅಗೆದು ಓದುತ್ತೇವೆ.

ಈ ಓಲೆಗೆ ಕೊನೆಯ ಸಾಲು ಇಲ್ಲ. ಅದರ ಜಾಗ ಖಾಲಿ ಬಿಟ್ಟಿದ್ದೇನೆ. ಐದನೆಯ ದಿನ ನಾನು ಇಲ್ಲೇ ಇದ್ದರೆ ತುಂಬುತ್ತೇನೆ.

ಸಾವಂತ್ರೆವ್ವ