ನೀನು ಒಗೆದ ಬಿಳಿ ಅಂಗಿ

ಚಿಕ್ಕಮ್ಮಾ, ನೀನು ಹಾಲಿನಂತೆ ಬೆಳ್ಳಗೆ ಒಗೆದು ಕಳಿಸಿದ ಅಂಗಿ ಇವತ್ತು ನಮ್ಮ ಪ್ರಯೋಗಾಲಯವನ್ನೇ ಖಾಲಿ ಮಾಡಿಸಿತು.

ನರಗಳನ್ನು ಕೆಡಿಸಿ ಉಸಿರು ನಿಲ್ಲಿಸುವ ವಿಷಗಾಳಿಯನ್ನು ಪತ್ತೆಹಚ್ಚುವ ಕಾಗದದ ಪಟ್ಟಿಗಳು ಇಲ್ಲಿವೆ. ವಿಷ ಸೋಕಿದರೆ ಪಟ್ಟಿ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಹಳೆಯ ಗೋದಾಮಿನಿಂದ ತಂದ, ಆ ವಿಷಗಾಳಿ ತುಂಬಿದ ಡಬ್ಬಿಯೊಂದು ಸೋರುತ್ತಿದೆಯೇ ಎಂದು ನೋಡಲು ಪಟ್ಟಿ ಹಿಡಿದು, ಕೋಣೆ ಕತ್ತಲು ಮಾಡಿ, ದೀಪ ಹಾಕಿದೆ. ಕೈಯ ಹತ್ತಿರವೇ ನೀಲಿ ಬೆಳಕು. "ಸೋರ್ತಿದೆ" ಎಂದು ಕೂಗಿಬಿಟ್ಟೆ.

ಎಲ್ಲರೂ ಓಡಿದರು. ನನ್ನ ಮುಖವಾಡ ಗೂಟದಲ್ಲೇ ನೇತಾಡುತ್ತಿತ್ತು, ಕಾಲು ಕೀಳಲಾಗಲಿಲ್ಲ. ನಾವೆಲ್ಲ ಸಿಡುಕಿ ಎಂದು ಕರೆಯುವ ಮೇಲ್ವಿಚಾರಕಿ ಬಾಗಿಲವರೆಗೆ ಹೋದವರು ತಿರುಗಿ ಬಂದು, ತಮ್ಮ ಮುಖವಾಡ ಬಿಚ್ಚಿ ನನಗೆ ಹಾಕಿ, ದರದರನೆ ಹೊರಗೆಳೆದೊಯ್ದರು.

ಆಮೇಲೆ ನೋಡಿದರೆ ಪಟ್ಟಿ ಸುಮ್ಮನಿದೆ. ಹೊಳೆದದ್ದು ಕೋಟಿನಿಂದ ಇಣುಕಿದ ನನ್ನ ಅಂಗಿಯ ತೋಳಿನ ಅಂಚು. ಬಟ್ಟೆ ಬೆಳ್ಳಗಾಗಿಸುವ ಪೌಡರು ಆ ದೀಪಕ್ಕೆ ಹಾಗೇ ಹೊಳೆಯುತ್ತದೆ. ಅದಕ್ಕೇ ಇಲ್ಲಿ ಬರೀ ಸೋಪಿನಲ್ಲಿ ಒಗೆದದ್ದನ್ನು ಮಾತ್ರ ಹಾಕಬೇಕೆಂದು ಮೊದಲೇ ಹೇಳಿದ್ದರು. ಮೇಲ್ವಿಚಾರಕಿಯ ಬೈಗುಳ ಕಾಯುತ್ತ ತಲೆ ತಗ್ಗಿಸಿ ನಿಂತೆ.

"ಯಾರು ಒಗೆದಿದ್ದು ಇದನ್ನ?"

"ನಮ್ಮ ಚಿಕ್ಕಮ್ಮ."

"ಕೈ ಚೆನ್ನಾಗಿದೆ ಅವರದ್ದು. ಇದನ್ನ ರಜಾ ದಿನ ಹಾಕ್ಕೋ" ಎಂದರು, ಅಷ್ಟೆ.

ನಾನು ಆರೋಗ್ಯವಾಗಿದ್ದೇನೆ, ಕೆಮ್ಮು ಪೂರ್ತಿ ಹೋಗಿದೆ. ಈ ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ, ಒಂದೇ ಮಾತು. ನನಗೆಂದು ಹೆಣೆಯುತ್ತಿರುವ ಸ್ವೆಟರನ್ನು ಬಿಚ್ಚಿ ಹೊಸದಾಗಿ ಹೆಣೆ, ನಮ್ಮ ಸಿಡುಕಿಗೆ. ಅವರ ಭುಜ ನನಗಿಂತ ಅಗಲ.

ನಿನ್ನ ಮಗಳು