ಓಪಲ್ ಅತ್ತೆಯ ಜೌಗು

ಕಿಸಿಮ್ಮಿ, ಫ್ಲಾರಿಡಾ
ನವೆಂಬರ್ 19, 1965, ಶುಕ್ರವಾರ

ನಿದ್ದೆ ಹತ್ತುತ್ತಿಲ್ಲ. ಕೊಳ್ಳುವವರು ದನ ಸಾಕುವವರು ಎಂದು ಸುಳ್ಳು ಹೇಳಿ ಓಪಲ್ ಅತ್ತೆಯ ಜೌಗು ಜಮೀನನ್ನು ಮಾರಿಸಿದ ದಲ್ಲಾಳಿ ನಾನೇ. ಕೊಂಡದ್ದು ಥೀಮ್ ಪಾರ್ಕ್ ಕಂಪನಿ ಎಂದು ಇವತ್ತು ಪತ್ರಿಕೆಯಲ್ಲಿ ಬಂತು.

ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಅತ್ತೆ ಮೀನು ಹುರಿಯುತ್ತಿದ್ದಳು.

“ಕಳ್ಳ! ನನ್ನ ಜಾಗದಲ್ಲಿ ಏನ್ ಕಟ್ತಾರೋ, ಡೆಲ್ಮರ್?”

“ಏನೂ ಇಲ್ಲ ಅತ್ತೆ. ಪಾರ್ಕಿನ ಒಳಗಿರೋರಿಗೆ ಹೊರಗಿನ ಊರು ಕಾಣಬಾರದಂತೆ. ಅದಕ್ಕೆ ಮರಗಳನ್ನ ಹಾಗೇ ಬಿಡ್ತಾರೆ.”

ಅವಳ ಮುಖ ಅರಳಿತು. “ಹಾಗಾದ್ರೆ ನಾಳೆ ಗಾಳ ಹಾಕೋಕೆ ಹೋಗ್ಬಹುದು ಅನ್ನು! ಮತ್ಯಾಕೋ ಮುಖ ಸಪ್ಪಗೆ? ತಿನ್ನು.”

ತಿಂದೆ. ಎರಡು ಸಲ ಹಾಕಿಸಿಕೊಂಡೆ.

ಕಂಪನಿ ಕೊಟ್ಟ ‘ಪ್ರವೇಶವಿಲ್ಲ’ ಹಲಗೆಗಳು ಇನ್ನೂ ಕಾರಿನಲ್ಲೇ ಇವೆ. ಅವಳು ಏಳುವ ಮೊದಲೇ ಅಲ್ಲಿನ ಮರಗಳಿಗೆ ಮೊಳೆ ಹೊಡೆದು ಹಾಕಿ ಬರಬೇಕು. ಮೊದಲನೆಯದು, ಅವಳು ದೋಣಿ ಕಟ್ಟುವ ಮರಕ್ಕೆ.