ಯಾರೂ ಆರಿಸದ ಹುಡುಗ

ಜುಲೈ 8, 1998, ಬುಧವಾರ. ಮಧ್ಯಾಹ್ನ

ಬಟ್ಟೆ ಹರವಿ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಒಣಗಿಬಿಟ್ಟಿದ್ದವು. ಮಡಚಿಟ್ಟೆ. ನಲ್ಲಿಯಲ್ಲಿ ಬರುವುದೆಲ್ಲ ಬಿಸಿನೀರು. ಸ್ನಾನಕ್ಕೆ ತಣ್ಣೀರು ಬೇಕೆಂದರೆ ಗೀಸರ್ ಆಫ್ ಮಾಡಿ, ಅದರೊಳಗೆ ತಣಿದ ನೀರನ್ನು ಹಿಡಿಯಬೇಕು. ಹುಡುಗನಿಗೆ ಇದನ್ನು ಹೇಳಿಕೊಟ್ಟೆ. ನಕ್ಕ. ಬಂದ ಮೇಲೆ ನಕ್ಕಿದ್ದು ಅದೊಂದೇ ಸಲ.

ಈಗ ಮಲಗಿದ್ದಾನೆ. ಹಗಲೆಲ್ಲ ಮಲಗುತ್ತಾನೆ. ಬಿಸಿಲು ಇಳಿದ ಮೇಲೆ ದೋಹಾದ ಅಂಚಿನ ನಮ್ಮ ಐನ್ ಖಾಲಿದಿನ ರಸ್ತೆಗಳಲ್ಲಿ ಓಡಲು ಹೋಗುತ್ತಾನೆ. ನೀರಿನಿಂದ ಎದ್ದು ಬಂದವನ ಹಾಗೆ ಮರಳುತ್ತಾನೆ.

ಪ್ರತಿವರ್ಷ ಶಾಲೆಗೆ ರಜೆ ಬಂದರೆ ನನ್ನ ಲೈಬ್ರರಿಗೂ ಬೀಗ. ನಾವಿಬ್ಬರೂ ಮೈಸೂರಿಗೆ. ಈ ವರ್ಷ ಹೋಗಲಿಲ್ಲ. ಇವರ ಮಗ ಬರುತ್ತಾನೆಂದು. ಕಾರ್ತಿಕ್. ಇಪ್ಪತ್ತು ವರ್ಷ. ಇವರು ಕೆನಡಾದಲ್ಲಿ ಓದುತ್ತಿದ್ದಾಗ ಲಾರಿಸಾಳನ್ನು ಮದುವೆಯಾದರು. ಅದು ಮುರಿದು ಇವರು ಊರಿಗೆ ಮರಳಿದಾಗ ಮಗುವಿಗೆ ಮೂರು ತುಂಬಿರಲಿಲ್ಲ. ಆಮೇಲೆ ನಾನು. ನಮಗೆ ಮಕ್ಕಳಾಗಲಿಲ್ಲ.

ಅವನ ಕೋಣೆಯ ಮುಂದೆ ಹಾಯುವಾಗ ಕಾಲು ತಾನಾಗಿ ನಿಧಾನವಾಗುತ್ತದೆ. ಮನೆಯಲ್ಲಿ ಇನ್ನೊಬ್ಬರು ಉಸಿರಾಡುತ್ತಿದ್ದಾರೆ ಅನ್ನುವುದು... ಏನು ಬರೆಯಲಿ.

ಜುಲೈ 12, ಭಾನುವಾರ

ಪಕ್ಕದ ವಿಲ್ಲಾದ ನಫೀಸಾ ಬಂದಿದ್ದರು. ಮಂಗಳೂರಿನವರು. ಅವರೂ ಈ ವರ್ಷ ಊರಿಗೆ ಹೋಗಿಲ್ಲ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರು. ಹಾಕಿ ಆಡುತ್ತಾನೆ ಅಂದೆ. ಅವರ ಅಣ್ಣನೂ ಶಾಲೆಯಲ್ಲಿ ಆಡುತ್ತಿದ್ದನಂತೆ. ಇದು ಹುಲ್ಲಿನ ಮೇಲಲ್ಲ, ಮಂಜುಗಡ್ಡೆಯ ಮೇಲೆ ಅಂದೆ.

"ಇಲ್ಲಿ ಫ್ರಿಜ್ಜಿನ ಟ್ರೇಯಲ್ಲೇ ಐಸ್ ಸರಿ ಆಗುವುದಿಲ್ಲ ಮಾರಾಯ್ರೆ. ಆ ಹುಡುಗ ಇಲ್ಲಿಗೆ ಯಾಕೆ ಬಂದದ್ದು?"

ಉತ್ತರ ನನಗೂ ಗೊತ್ತಿಲ್ಲ. ಇವರೂ ಕೇಳಿಲ್ಲ. ಅಪ್ಪ ಮಗ ಊಟಕ್ಕೆ ಕೂತರೆ ಹವೆಯ ಬಗ್ಗೆ ಮಾತಾಡುತ್ತಾರೆ. ದೋಹಾದಲ್ಲಿ ಹವೆಯ ಬಗ್ಗೆ ಎಷ್ಟೆಂದು ಮಾತಾಡುವುದು.

ಜುಲೈ 17, ಶುಕ್ರವಾರ. ಸಂಜೆ

ಇವರಿಗೆ ತಲೆನೋವು. ನಾನೂ ಹುಡುಗನೂ ಟ್ಯಾಕ್ಸಿ ಹಿಡಿದು ಕಡಲದಂಡೆಯ ಕಾರ್ನಿಷಿಗೆ ಹೋದೆವು. ಸಮುದ್ರದಿಂದ ಹಬೆ. ಆಚೆ ದಡದ ದೀಪಗಳು ಹತ್ತಿಯೊಳಗೆ ಇಟ್ಟ ಹಾಗೆ. ಕಟ್ಟೆಯ ಮೇಲೆ ಕೂತೆವು. ಅವನಾಗಿಯೇ ಮಾತು ತೆಗೆದ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಮಾಡಿಕೊಳ್ಳುತ್ತೇನೆ.

ವರ್ಷಕ್ಕೊಮ್ಮೆ ಜೂನಿನಲ್ಲಿ ಡ್ರಾಫ್ಟ್ ಅಂತ ನಡೆಯುತ್ತದಂತೆ. ದೊಡ್ಡ ಲೀಗಿನ ತಂಡಗಳೆಲ್ಲ ಒಂದೇ ಕಡೆ ಸೇರಿ, ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಕೂಗುತ್ತವೆ. ಯಾವ ತಂಡ ಕೂಗಿತೋ ಅದಕ್ಕೆ ಮಾತ್ರ ಅವನ ಮೇಲೆ ಹಕ್ಕು. ಬೇರೆಯವರು ಅವನನ್ನು ಸೈನ್ ಮಾಡಿಸುವಂತಿಲ್ಲ. ಹೆಸರು ಬರದಿದ್ದರೆ ಮುಂದಿನ ವರ್ಷ ಮತ್ತೆ ಕಾಯಬೇಕು. ಇಪ್ಪತ್ತರ ವರ್ಷವೂ ಯಾರೂ ಕೂಗದಿದ್ದರೆ ಖಲಾಸ್.

ಮೊದಲ ವರ್ಷ ಕಾರ್ತಿಕ್ ಹೊಸ ಸೂಟು ಹಾಕಿಕೊಂಡು ಅಮ್ಮನ ಜತೆ ಹೆಸರು ಕೂಗುವ ಸ್ಟೇಡಿಯಮ್ಮಿಗೇ ಹೋಗಿದ್ದ. ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಕೆಳಗೆ ಕುರ್ಚಿ ಎತ್ತಿಡುವ ಸದ್ದು ಕೇಳುವವರೆಗೂ ತಾಯಿ ಮಗ ಕೂತೇ ಇದ್ದರು. ಎರಡನೆಯ ವರ್ಷ ಮನೆಯಲ್ಲೇ, ಫೋನಿನ ಪಕ್ಕ. ಈ ವರ್ಷ ಫೋನಿನ ಹತ್ತಿರವೂ ಹೋಗಲಿಲ್ಲ. ಆಟ ಚೆನ್ನಾಗಿದೆ, ಆಳು ಕುಳ್ಳ ಅನ್ನುತ್ತಾರಂತೆ. ಕುಳ್ಳನೇ? ನನಗಿಂತ ಒಂದು ತಲೆ ಎತ್ತರ.

"ಅಲ್ಲಿ ಹಾಲು ಮಾರುವವನಿಗೂ ನನ್ನ ವಿಷಯ ಗೊತ್ತು" ಅಂದ. "ಐಸ್ ಅಂದರೇನೆಂದು ಯಾರಿಗೂ ಗೊತ್ತಿಲ್ಲದ ಕಡೆ ಹೋಗಬೇಕು ಅನಿಸಿತು."

ಹಾಗಾದರೆ ಮುಗಿಯಿತೇ ಎಂದು ಕೇಳಿದೆ. ಇಲ್ಲವಂತೆ. ನಿಯಮ ಹೀಗಿದೆ: ಯಾರೂ ಆರಿಸದೇ ಆ ವಯಸ್ಸು ದಾಟಿದವನ ಮೇಲೆ ಯಾರಿಗೂ ಹಕ್ಕಿಲ್ಲ. ಯಾವ ತಂಡ ಬೇಕಾದರೂ ಕರೆಯಬಹುದು. ಅವನೂ ಯಾವ ತಂಡಕ್ಕೆ ಬೇಕಾದರೂ ಹೂಂ ಅನ್ನಬಹುದು.

ಎಷ್ಟು ವಿಚಿತ್ರ. ಬೇಡವೆಂದು ಬಿಟ್ಟವನೇ ಸ್ವತಂತ್ರ. ಇದನ್ನು ಹೇಳುವಾಗ ಅವನ ಮುಖದಲ್ಲಿ ಸ್ವಾತಂತ್ರ್ಯವೇನೂ ಕಾಣಲಿಲ್ಲ.

ಜುಲೈ 26, ಭಾನುವಾರ. ಬೆಳಿಗ್ಗೆ

ಕನಸು. ಕಾರ್ನಿಷಿನ ಸಮುದ್ರ ಹೆಪ್ಪುಗಟ್ಟಿದೆ. ಮರದ ದೋಣಿಗಳು ನಿಂತಲ್ಲೇ ಸಿಕ್ಕಿಕೊಂಡಿವೆ. ಮೀನುಗಾರರು ಅದರ ಮೇಲೆ ಚಾಪೆ ಹಾಸಿ ಚಹಾ ಕುಡಿಯುತ್ತಿದ್ದಾರೆ. ನಾನು ಬರಿಗಾಲಲ್ಲಿ ನಡೆದು ಹೋಗುತ್ತಿದ್ದೇನೆ. ಕಾಲಿಗೆ ತಂಪಾಗುತ್ತಿಲ್ಲ, ಅಮೃತಶಿಲೆಯ ನೆಲದ ಹಾಗೆ ನುಣುಪು. ಕೆಳಗೆ ಹಸಿರು ಬೆಳಕು. ಎದ್ದಾಗ ಏಸಿಯ ಗಾಳಿ ನೇರ ಪಾದಕ್ಕೆ ಬೀಸುತ್ತಿತ್ತು.

ಹುಡುಗ ಈಗ ಮೊಸರನ್ನ ಕೇಳಿ ಹಾಕಿಸಿಕೊಳ್ಳುತ್ತಾನೆ. ಹಗಲು ಮಲಗುವುದು ಕಡಿಮೆಯಾಗಿದೆ. ನಾನು ಸೊಪ್ಪು ಬಿಡಿಸುವಾಗ ಎದುರು ಕೂತು ತಾನೂ ಬಿಡಿಸುತ್ತಾನೆ, ಕಡ್ಡಿಯೆಲ್ಲ ಸೇರಿಸಿ.

ಆಗಸ್ಟ್ 4, ಮಂಗಳವಾರ

ಸಂಜೆ ಐದರ ಮೇಲೆ ಅವನ ಪರವಾಗಿ ತಂಡಗಳ ಜತೆ ಮಾತಾಡುವ ಏಜೆಂಟನ ಫೋನ್. ಟೊರಾಂಟೊದಿಂದ. ಒಂದು ತಂಡ ಕಾಂಟ್ರ್ಯಾಕ್ಟ್ ಕೊಡಲು ತಯಾರಿದೆ. ಮೂರು ವರ್ಷ. ಬಹುಪಾಲು ಚಿಕ್ಕ ಲೀಗಿನಲ್ಲೇ ಆಡಿಸುತ್ತಾರೆ. ಆದರೂ ದೊಡ್ಡ ತಂಡದ ಕಾಂಟ್ರ್ಯಾಕ್ಟ್. ಹುಡುಗ ಫೋನ್ ಇಟ್ಟು ಅಡುಗೆಮನೆಗೆ ಬಂದು ನನಗೆ ಹೇಳಿದ. ಕಿವಿ ಕೆಂಪಾಗಿತ್ತು.

ಇವರಿಗೆ ಇಷ್ಟವಿಲ್ಲ. ಜೂನಿಯರ್ ಲೀಗಿನಲ್ಲಿ ಆಡಿದ್ದಕ್ಕೆ ಯೂನಿವರ್ಸಿಟಿಯ ಫೀಸು ಆ ಲೀಗೇ ಕಟ್ಟುತ್ತದೆ. ಪ್ರೊಫೆಷನಲ್ ಆಗಿ ಸೈನ್ ಮಾಡಿದ ದಿನವೇ ಅದು ಹೋಗುತ್ತದೆ. ಎಂಜಿನಿಯರಿಂಗಿನ ಸೀಟು ಇದೆ. ಅದನ್ನು ಬಿಟ್ಟು ಮಂಜಿನ ಮೇಲೆ ಜಾರುವುದೇ ಎಂದು ನನ್ನ ಹತ್ತಿರ ಹೇಳಿದರು. ಅವನ ಹತ್ತಿರ ಹೇಳಿದ್ದು ಬೇರೆ: ಕಾಂಟ್ರ್ಯಾಕ್ಟನ್ನು ನನ್ನ ಆಫೀಸಿಗೆ ಫ್ಯಾಕ್ಸ್ ಮಾಡಿಸು, ಓದಿ ಹೇಳುತ್ತೇನೆ.

ಇವರ ಕೆಲಸವೇ ಅದು. ವೆಸ್ಟ್ ಬೇಯ ಆಫೀಸಿನಲ್ಲಿ ದಿನವಿಡೀ ಕಾಂಟ್ರ್ಯಾಕ್ಟ್ ಓದುವುದು. ಹುಡುಗನಿಗೆ ಖುಷಿಯಾಯಿತು. ಅಪ್ಪ ತನಗಾಗಿ ಏನೋ ಮಾಡುತ್ತಿದ್ದಾನೆ ಎಂದು. ನನಗೂ.

ಆಗಸ್ಟ್ 8, ಶನಿವಾರ

ಇನ್ನೂ ಓದುತ್ತಿದ್ದಾರೆ. ಒಂದು ಷರತ್ತು ಸೇರಿಸಬೇಕಂತೆ — ಮಧ್ಯದಲ್ಲಿ ಕೈಬಿಟ್ಟರೆ ಓದಿನ ಖರ್ಚು ತಂಡವೇ ಕೊಡಬೇಕು. ಬರೆದು ಕಳಿಸಿದ್ದಾರೆ. ಏಜೆಂಟನಿಂದ ಎರಡು ಸಲ ಫೋನ್ ಬಂತು. ಹುಡುಗ ಏನೂ ಕೇಳುವುದಿಲ್ಲ. ಇವರ ಕಾರಿನ ಸದ್ದಾದರೆ ಎದ್ದು ನಿಲ್ಲುತ್ತಾನೆ.

ಆಗಸ್ಟ್ 11, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ.

ಆ ತಂಡ ಬೇರೊಬ್ಬನನ್ನು ತೆಗೆದುಕೊಂಡಿತು. ಅವನೂ ಯಾರೂ ಆರಿಸದವನೇ. ಕೇಳಿದ ದಿನವೇ ಸೈನ್ ಮಾಡಿದನಂತೆ. ಶನಿವಾರ, ಭಾನುವಾರದ ರಜೆ ಕಳೆದು ಅಲ್ಲಿ ಆಫೀಸು ತೆರೆದದ್ದು ನಿನ್ನೆ. ತೆರೆದ ಕೂಡಲೇ ಇವನು ಬೇಡವೆಂದರು. ಹೊಸಬರ ಕಾಂಟ್ರ್ಯಾಕ್ಟ್ ಎಲ್ಲರಿಗೂ ಒಂದೇ ಅಚ್ಚು, ಷರತ್ತು ಗಿರತ್ತು ಸೇರಿಸುವ ಹಾಗೆಯೇ ಇಲ್ಲ. ಇದನ್ನು ಮೊದಲ ದಿನವೇ ನಿಮ್ಮ ತಂದೆಗೆ ಹೇಳಿದ್ದೆ ಎಂದು ಏಜೆಂಟ್ ಹುಡುಗನಿಗೆ ಹೇಳಿದ.

ಅವನು ಕೂಗಾಡಲಿಲ್ಲ. ಶೂ ಹಾಕಿಕೊಂಡು ಹೊರಗೆ ಹೋದ. ಬಿಸಿಲು ಇನ್ನೂ ಇಳಿದಿರಲಿಲ್ಲ. ಕತ್ತಲಾಗುವ ಹೊತ್ತಿಗೂ ಬರಲಿಲ್ಲ. ಇವರು ಕಾರು ತೆಗೆದರು, ನಾನೂ ಹತ್ತಿದೆ. ಅವನು ಓಡುವ ದಾರಿಯೆಲ್ಲ ನೋಡಿದೆವು. ಆಮೇಲೆ ಊರೊಳಗೆ. ಕೊನೆಗೆ ನಜ್ಮಾ ಬಡಾವಣೆಯಲ್ಲಿ, ಒಬ್ಬ ಟೈಲರನ ಅಂಗಡಿಯೊಳಗೆ ಸಿಕ್ಕಿದ. ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತಿದ್ದನಂತೆ. ಅಂಗಡಿಯವರೇ ಒಳಗೆ ಕರೆದು ಏಸಿಯ ಎದುರು ಕೂರಿಸಿ ಮಜ್ಜಿಗೆ ಕೊಟ್ಟಿದ್ದರು. ಸುತ್ತ ಬಿಳಿ ಬಟ್ಟೆಯ ಥಾನುಗಳು. ನಡುವೆ ಅವನು ಬಹಳ ಚಿಕ್ಕವನ ಹಾಗೆ ಕಂಡ.

ಕಾರಿನಲ್ಲಿ ಹಿಂದೆ ಕೂತ. ಇವರು ಸ್ಟಾರ್ಟ್ ಮಾಡಲಿಲ್ಲ. ಸ್ಟಿಯರಿಂಗ್ ನೋಡುತ್ತಾ ಮಾತಾಡಿದರು. ಇಂಗ್ಲಿಷಿನಲ್ಲಿ ಅಲ್ಲ.

"ಅವನಿಗೆ ಹೇಳು ಶರ್ವಾಣಿ. ಅದನ್ನ ಬದಲಿಸಕ್ಕಾಗಲ್ಲ ಅಂತ ನಂಗೆ ಗೊತ್ತಿತ್ತು. ಸೈನ್ ಮಾಡಿದ್ರೆ ಮಾರನೇ ದಿನವೇ ಹೊರಟುಬಿಡ್ತಾನೆ. ಓದ್ತಾ ಇದ್ರೆ ಇನ್ನೊಂದೆರಡು ದಿನ ಇರ್ತಾನಲ್ಲ ಅಂತ... ಓದ್ತಾ ಕೂತೆ."

"ನೀವೇ ಹೇಳಿ" ಅಂದೆ.

"ನಂಗಾಗಲ್ಲ."

ನಾನು ಹೇಳಿದೆ. ನನ್ನ ಲೈಬ್ರರಿ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಹುಡುಕಿ.  ಅದು ಇವರದಷ್ಟೇ ಮಾತಾಗಿರಲಿಲ್ಲ. ಆ ದಿನಗಳಲ್ಲಿ ಓದುವುದು ಎಲ್ಲಿಗೆ ಬಂತು ಎಂದು ನಾನೂ ಕೇಳಿರಲಿಲ್ಲ.

ಹುಡುಗ ಕಿಟಕಿಯ ಗಾಜು ಇಳಿಸಿದ. ಆಮೇಲೆ ಅಂದ —

"ಇರು ಅಂತ ಕೇಳಬಹುದಿತ್ತಲ್ಲ."

ಇವರಿಗೆ ಅದನ್ನು ಕನ್ನಡಕ್ಕೆ ತಂದು ಹೇಳಬೇಕಾಗಲಿಲ್ಲ.

ಆಗಸ್ಟ್ 14, ಶುಕ್ರವಾರ. ಮಧ್ಯಾಹ್ನ

ಬೆಳಿಗ್ಗೆ ಇವರೇ ಅವನ ಬಾಗಿಲು ತಟ್ಟಿದರು. ನೀನು ಆಡುವುದನ್ನು ನಾನು ಒಂದು ದಿನವೂ ನೋಡಿಲ್ಲ, ಸ್ಕೇಟ್ಸ್ ತಂದಿದ್ದೀಯಾ ಎಂದು ಕೇಳಿದರು. ತಂದಿದ್ದ. ಬ್ಯಾಗಿನ ತಳದಲ್ಲಿ, ಟವೆಲಿನಲ್ಲಿ ಸುತ್ತಿ.

ಊರಲ್ಲಿ ಮಕ್ಕಳಿಗೆಂದು ಒಂದು ಪುಟ್ಟ ಐಸ್ ರಿಂಕ್ ಇದೆ. ಅದರ ಮ್ಯಾನೇಜರ್ ಆನ್ಸೆಲ್ಮ್ ಮಂಗಳೂರಿನವರು, ಇವರಿಗೆ ಪರಿಚಯ. ಮಕ್ಕಳು ಬರುವವರೆಗೆ ನಿಮ್ಮದೇ ಎಂದು ದೀಪ ಹಾಕಿಕೊಟ್ಟರು. ಹೊರಗೆ ಬೆಂಕಿ. ಒಳಗೆ ಕಾಲಿಟ್ಟರೆ ಚಳಿಗೆ ನನ್ನ ಕಣ್ಣಲ್ಲಿ ನೀರು. ಒರೆಸಿಕೊಂಡು ನೋಡುವಷ್ಟರಲ್ಲಿ ಅವನು ಆ ತುದಿಯಲ್ಲಿದ್ದ.

ಹೇಗೆ ಬರೆಯಲಿ. ನೆಲದ ಮೇಲೆ ಅವನು ತುಸು ಅಡ್ಡಡ್ಡ ನಡೆಯುತ್ತಾನೆ, ಬಾಗಿಲಿಗೆ ತಾಗುತ್ತಾನೆ. ಅಲ್ಲಿ ಭಾರವೇ ಇಲ್ಲ. ಅವನು ಡಿಫೆನ್ಸ್ ಆಡುವವನು, ಹಿಂದಕ್ಕೆ ಜಾರುವುದೇ ಅವನ ವಿದ್ಯೆ. ಬೆನ್ನ ಹಿಂದೆ ಏನಿದೆ ಎಂದು ತಿರುಗಿ ನೋಡುವುದಿಲ್ಲ. ಕಣ್ಣು ನಮ್ಮ ಮೇಲೆ, ಮೈ ದೂರ ದೂರ. ಗೋಡೆ ಬಂತು ಎಂದು ನಾನು ಕೈ ಎತ್ತುವಷ್ಟರಲ್ಲಿ ಬಾಗಿ ತಿರುಗಿರುತ್ತಾನೆ. ಬ್ಲೇಡಿನ ಸದ್ದು ರೇಷ್ಮೆ ಹರಿದ ಹಾಗೆ.

ಇವರು ಕಟಕಟೆಯ ಹೊರಗೆ ನಿಂತಿದ್ದವರು ನಡೆಯತೊಡಗಿದರು. ಅವನು ಹೋದತ್ತ, ಆಫೀಸಿನ ಶೂ ಹಾಕಿಕೊಂಡು, ಸುತ್ತ ಸುತ್ತ. ಅವನು ನಿಧಾನ ಮಾಡಿದ. ಅಪ್ಪನ ಹೆಜ್ಜೆಗೆ ಸರಿಯಾಗಿ, ಕಟಕಟೆಯ ಒಳಗಿನಿಂದ, ಹಿಂದಕ್ಕೆ ಜಾರುತ್ತಾ ಬಂದ.  ಎರಡು ಸುತ್ತೋ ಮೂರೋ.

ಆಮೇಲೆ ನನಗೂ ಬಾಡಿಗೆಯ ಬೂಟು. ಎರಡೂ ಕೈ ಹಿಡಿದು ಎಳೆದುಕೊಂಡು ಹೋದ. ಕಾಲು ಎತ್ತಬೇಡಿ, ಸುಮ್ಮನೆ ನಿಲ್ಲಿ ಅಂದ. ಸೀರೆಯ ಅಂಚು ಒದ್ದೆಯಾಯಿತು. ಸುಮ್ಮನೆ ನಿಂತಿದ್ದೆ, ಹೋಗುತ್ತಲೂ ಇದ್ದೆ.

ಆಗಸ್ಟ್ 23, ಭಾನುವಾರ

ಇನ್ನೊಂದು ತಂಡ ಕರೆದಿದೆ. ಕಾಂಟ್ರ್ಯಾಕ್ಟ್ ಇಲ್ಲ. ತರಬೇತಿ ಕ್ಯಾಂಪಿಗೆ ಬಾ, ನೋಡುತ್ತೇವೆ, ಅಷ್ಟೆ. ಯಾರಿಗೂ ಸೇರದವನಾದ್ದರಿಂದ ಯಾರನ್ನೂ ಕೇಳದೆ ಹೋಗಬಹುದು. ಯೂನಿವರ್ಸಿಟಿಯ ಸೀಟನ್ನು ಜನವರಿಗೆ ಮುಂದೂಡಿಸಿಕೊಂಡಿದ್ದಾನೆ. ಅದಕ್ಕೂ ಇವರೇ ಫೋನ್ ಮಾಡಿದರು, ಬೇಗ.

ಊಟದ ಹೊತ್ತಿಗೆ ಇವರು ಇಂಗ್ಲಿಷಿನಲ್ಲೇ ಕೇಳಿದರು: ಹೊರಡುವವರೆಗೆ ನನ್ನ ಜತೆ ದಿನಾ ಬೆಳಿಗ್ಗೆ ವಾಕಿಂಗ್ ಬರುತ್ತೀಯಾ? ಹುಡುಗ ಹೂಂ ಅಂದ.

ಆಗಸ್ಟ್ 30, ಭಾನುವಾರ

ಹೋದ. ಹಾಸಿಗೆಯ ಚಾದರ ತೆಗೆಯಲಿಲ್ಲ ಇನ್ನೂ.

ಅಕ್ಟೋಬರ್ 2, ಶುಕ್ರವಾರ. ಸಂಜೆ

ಒಂದು ತಿಂಗಳು ಬರೆದಿಲ್ಲ. ಬರೆದರೆ ಕೈಗೂಡುವುದಿಲ್ಲವೇನೋ ಎಂಬ ಭಯ.

ಕ್ಯಾಂಪಿನಲ್ಲಿ ಕೊನೆಯ ವಾರದವರೆಗೂ ಉಳಿದ. ಆಮೇಲೆ ದೊಡ್ಡ ತಂಡದಿಂದ ಕೈಬಿಟ್ಟರು. ಮನೆಗೆ ಕಳಿಸುತ್ತಾರೆಂದು ಬ್ಯಾಗು ಕಟ್ಟಿಟ್ಟಿದ್ದನಂತೆ. ಕರೆದು ಕೂರಿಸಿ ಕಾಂಟ್ರ್ಯಾಕ್ಟ್ ಮುಂದಿಟ್ಟರು. ಅದೇ ಮೂರು ವರ್ಷ, ಚಿಕ್ಕ ಲೀಗಿನಲ್ಲಿ ಶುರು. ಮೊದಲು ಅಪ್ಪನಿಗೆ ತೋರಿಸಬೇಕು ಅಂದನಂತೆ ಈ ಹುಡುಗ. ತೋರಿಸಲೇಬೇಕೆಂದು ಯಾವ ನಿಯಮವೂ ಇಲ್ಲ. ಫ್ಯಾಕ್ಸ್ ಬಂತು. ಇಲ್ಲಿ ಶುಕ್ರವಾರ ರಜಾದಿನ, ಆದರೂ ಇವರು ಆಫೀಸಿಗೆ ಓಡಿದರು. ನಾನೂ ಹೋದೆ. ಯಾರೂ ಇಲ್ಲದ ಹಾಲಿನಲ್ಲಿ ನಿಂತೇ ಓದಿದರು, ಒಂದು ಸಲ. ಅಲ್ಲಿಂದಲೇ ಫೋನ್ ಮಾಡಿದರು.

"ಎಲ್ಲ ಓದಿದೆ, ಕಾರ್ತಿಕ್. ಕಾಲೇಜಿನ ದುಡ್ಡು ಹೋಗುತ್ತೆ, ಗೊತ್ತು ತಾನೆ? ಗೊತ್ತಿದ್ರೆ ಸೈನ್ ಮಾಡು. ಈಗಲೇ ಮಾಡು."

ಫೋನ್ ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು.

ನವೆಂಬರ್ 15, ಭಾನುವಾರ. ಸಂಜೆ

ಹವೆ ತಿರುಗಿದೆ. ಕಿಟಕಿ ತೆರೆದಿಟ್ಟು ಕೂರಬಹುದು. ಶಾಲೆಯಿಂದ ಬಂದು ಬಾಗಿಲ ಬೀಗ ತೆಗೆಯುವಾಗಲೇ ಫೋನ್. ಹೆಂಗಸಿನ ದನಿ. ಇವರಿಗಿರಬೇಕೆಂದು, ಆಫೀಸಿನಲ್ಲಿದ್ದಾರೆ ಅಂದೆ.

ಇಲ್ಲ, ನಿಮ್ಮ ಹತ್ತಿರ ಮಾತಾಡಬೇಕು. ನಾನು ಲಾರಿಸಾ.

ಕುರ್ಚಿ ಎಳೆದು ಕೂತೆ. ನಿಧಾನವಾದ ದನಿ, ಸ್ವಲ್ಪ ಒಡಕು. ನೆಲದಡಿಯಿಂದ ಬಂದ ಹಾಗೆ. ನಾನು ಮಾತಾಡಿದ್ದು ತುಸು ತಡೆದು ಅವಳಿಗೆ ತಲುಪುತ್ತಿತ್ತು. ಕಾರ್ತಿಕ್ ನಿನ್ನೆ ಆಡಿದ್ದನ್ನು ನೋಡಿ ಬಂದಳಂತೆ. ಆರು ಗಂಟೆ ಕಾರು ಓಡಿಸಿಕೊಂಡು. ಗೆದ್ದರೋ ಸೋತರೋ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಬೇಸಿಗೆಯಲ್ಲಿ ಅವನನ್ನು ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ ಅಂದಳು. ಅವನೂ ನಮ್ಮನ್ನು ನೋಡಿಕೊಂಡ ಅಂದೆ.  ಕರೆಯ ದುಡ್ಡು ಅವಳದು, ಆದರೂ ಫೋನ್ ಇಡಲಿಲ್ಲ.

ಆಮೇಲೆ, ನಿಮಗೆ ಅವನ ಚಿಕ್ಕಂದಿನದು ಏನೂ ಗೊತ್ತಿಲ್ಲ ಅಲ್ಲವೇ ಎಂದಳು. ಗೊತ್ತಿಲ್ಲ ಅಂದೆ. ಅವನ ಅಪ್ಪ ಯತಿಗೂ ಗೊತ್ತಿಲ್ಲ, ಇದು ಯತಿ ಹೋದ ಮೇಲಿನ ಚಳಿಗಾಲ ಎಂದು ಹೇಳತೊಡಗಿದಳು. ಮನೆಯ ಹಿಂದೆ ಹೋಸಿನಲ್ಲಿ ನೀರು ಬಿಟ್ಟಿದ್ದಳಂತೆ, ಹೆಪ್ಪುಗಟ್ಟಲೆಂದು. ಬೆಳಿಗ್ಗೆ ಎದ್ದರೆ ಮಗು ಹಾಸಿಗೆಯಲ್ಲಿ ಇಲ್ಲ. ಹಿಂಬಾಗಿಲು ತೆರೆದಿದೆ. ಹೊರಗೆ ಇನ್ನೂ ನೀಲಿ ಕತ್ತಲು. ಚಪ್ಪಲಿಯೂ ಇಲ್ಲದೆ ಓಡಿ ಹೋಗಿ ನೋಡುತ್ತಾಳೆ —

ಕಾರಿನ ಸದ್ದು. ಇವರು ಬಂದರು. ಇದನ್ನು ಮೊದಲು ಇವರಿಗೆ ಹೇಳಬೇಕು, ಆಮೇಲೆ ಪೂರ್ತಿ ಬರೆಯುತ್ತೇನೆ. ಮಗು ಆ ಐಸಿನ ನಡುವೆ, ಒಬ್ಬನೇ, ಕಾಲುಚೀಲದಲ್ಲಿ ಹಿಂದಕ್ಕೆ ಜಾರುತ್ತಿದ್ದನಂತೆ.